ಗೋದಲಿಗೆ ಕೊನೆಯಲ್ಲಿ ಬರುವ ಗೊಂಬೆ

ಡಿಸೆಂಬರ್ ಎರಡನೆಯ ವಾರದ ಹೊತ್ತಿಗೆ ನಮ್ಮ ಮನೆಯ ಹಜಾರದ ಮೂಲೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ದೃಶ್ಯವನ್ನು ಗೊಂಬೆಗಳಿಂದ ಕಟ್ಟುವ ಕ್ರಿಸ್‌ಮಸ್ ಅಲಂಕಾರ, ಎದ್ದು ನಿಂತಿತ್ತು. ಭತ್ತದ ಹುಲ್ಲಿನ ಮಾಡು, ಸಿಮೆಂಟ್ ಚೀಲದ ಕಾಗದವನ್ನು ಮುದುರಿ ಬಣ್ಣ ಬಳಿದ ಬೆಟ್ಟ, ಒಡೆದ ಕನ್ನಡಿಯ ಕೆರೆ. ತಟ್ಟೆಗಳಲ್ಲಿ ಮಣ್ಣು ಹರಡಿ ಚೆಲ್ಲಿದ್ದ ರಾಗಿ ಬೆರಳುದ್ದ ಬೆಳೆದು ಹುಲ್ಲುಗಾವಲಾಗಿತ್ತು. ಕುರಿಗಳು, ಕುರುಬರು, ಒಂದು ಕಿವಿ ಮುರಿದ ಕತ್ತೆ, ಮರಿಯಮ್ಮ, ಜೋಸೆಫರು ಎಲ್ಲರೂ ತಮ್ಮ ತಮ್ಮ ಜಾಗದಲ್ಲಿದ್ದರು. ಎದುರು ಮನೆಯ ಆರು ವರ್ಷದ ಹುಡುಗಿ ಬಂದು ಮೊಣಕಾಲೂರಿ ಎಲ್ಲವನ್ನೂ ಎಣಿಸಿದಳು. ಆಮೇಲೆ ತಲೆಯೆತ್ತಿ ಕೇಳಿದಳು: "ಪಾಪು ಎಲ್ಲಿ ಆಂಟಿ? ತರುವುದಕ್ಕೆ ಮರೆತುಬಿಟ್ಟಿರಾ?"

ಅವಳ ಅನುಮಾನ ನ್ಯಾಯವಾದದ್ದೇ. ಮೈಸೂರಿನ ಮಗು ಅದು. ದಸರೆಯಲ್ಲಿ ಅವರ ಮನೆಯಲ್ಲಿ ಗೊಂಬೆ ಕೂರಿಸುವಾಗ ಅಜ್ಜಿಯ ಪಕ್ಕ ನಿಂತು ನೋಡಿದ್ದಾಳೆ. ಅಲ್ಲಿ ಮೊದಲು ಬರುವುದು ಪಟ್ಟದ ಗೊಂಬೆ. ರಾಜ ರಾಣಿಯರನ್ನು ಕೂರಿಸಿದ ಮೇಲೆಯೇ ಮಿಕ್ಕ ಪರಿವಾರ, ಶೆಟ್ಟಿ ದಂಪತಿ, ಆನೆ, ಕುದುರೆ. ನಮ್ಮ ಗೋದಲಿಯ ಲೆಕ್ಕ ತಿರುಗುಮುರುಗು. ಆನೆ ಕುದುರೆಯ ಸಾಲಿನವರೆಲ್ಲ ಮೊದಲೇ ಬಂದು ನಿಂತಿರುತ್ತಾರೆ, ಯಾರಿಗಾಗಿ ಇಷ್ಟೆಲ್ಲ ಕಟ್ಟಿದ್ದೋ ಆತನ ಜಾಗ ಮಾತ್ರ ಖಾಲಿ. 24ರ ರಾತ್ರಿಯ ಪೂಜೆ ಮುಗಿಸಿ ಬಂದ ಮೇಲೆ, ಮನೆಯ ಅತಿ ಕಿರಿಯರ ಕೈಯಿಂದ ಬಾಲಯೇಸುವನ್ನು ಅಲ್ಲಿ ಮಲಗಿಸುತ್ತೇವೆ.

"ಇನ್ನೂ ಹುಟ್ಟಿಲ್ಲ ಪುಟ್ಟ" ಎಂದೆ. ಅವಳಿಗೆ ಅದು ಸಮಾಧಾನವಾದಂತೆ ಕಾಣಲಿಲ್ಲ.

ಆ ಖಾಲಿ ಜಾಗದ ಬಗ್ಗೆಯೇ ಬರೆಯಬೇಕೆನಿಸಿತು. ಪ್ರತಿ ಡಿಸೆಂಬರಿನಲ್ಲೂ ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ದೂರು ಕೇಳಿಬರುತ್ತದೆ: ಹಬ್ಬ ಉಳಿದಿದೆ, ಕ್ರಿಸ್ತ ಹೋಗಿದ್ದಾನೆ. ಕೇಕು, ಕೆಂಪು ಟೋಪಿ, ರಿಯಾಯಿತಿ ಮಾರಾಟ ಎಲ್ಲ ಇವೆ, ಯಾರ ಹುಟ್ಟುಹಬ್ಬವೋ ಆತನಿಗೇ ಕರೆಯೋಲೆ ಇಲ್ಲ ಎಂದು. ದೂರು ಸುಳ್ಳಲ್ಲ. ಆದರೆ ಕ್ರಿಸ್ತನನ್ನು ನಡುವೆ ಇರಿಸುವುದು ಎಂದರೆ ನಿರ್ದಿಷ್ಟವಾಗಿ ಏನು ಮಾಡಬೇಕು ಎಂದು ಕೇಳಿದರೆ ದೂರು ಹೇಳುವವರಲ್ಲೇ ಹಲವರು ತಡವರಿಸುತ್ತಾರೆ. ಕೆಲವರು ಮರ, ನಕ್ಷತ್ರ, ಸಾಂತಾ ತಾತ ಎಲ್ಲವನ್ನೂ ಹೊರಗೆ ಹಾಕಿ ಎನ್ನುತ್ತಾರೆ. ನನಗೆ ತೋಚುವುದು ಬೇರೆ. ಹಬ್ಬದಲ್ಲಿ ಏನೇನಿದೆ ಎಂಬುದಕ್ಕಿಂತ ಯಾವುದು ಯಾವಾಗ ಬರುತ್ತದೆ ಎಂಬುದರಲ್ಲಿ ಈ ಹಬ್ಬದ ಅರ್ಥ ಅಡಗಿದೆ. ಚರ್ಚ್ ಅದಕ್ಕೊಂದು ಕ್ರಮ ಕಟ್ಟಿಟ್ಟಿದೆ. ನಾವು ಆ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದೇವೆ.

ಮೊದಲು ನಡುವೆ ಇರುವುದೇನು ಎಂದು ನೋಡೋಣ. ಕ್ರೈಸ್ತರ ಪಾಲಿಗೆ ಕ್ರಿಸ್‌ಮಸ್ ಒಬ್ಬ ಮಹಾತ್ಮನ ಜಯಂತಿ ಮಾತ್ರ ಆಗಿದ್ದರೆ ಇಷ್ಟು ತಲೆಕೆಡಿಸಿಕೊಳ್ಳಬೇಕಿರಲಿಲ್ಲ. ದೇವರೇ ಮನುಷ್ಯನಾದ ಎಂಬುದು ಇಲ್ಲಿನ ಹೇಳಿಕೆ. ಕನ್ನಡದಲ್ಲಿ ಇದಕ್ಕೆ ಮನುಷ್ಯಾವತಾರ ಎಂಬ ಪದ ಬಳಸುತ್ತೇವೆ. ಸೊಗಸಾದ ಪದ, ಆದರೆ ಅದರ ಜೊತೆಗೆ ಒಂದು ವ್ಯತ್ಯಾಸವನ್ನೂ ಹೇಳಬೇಕಾಗುತ್ತದೆ. ನಮ್ಮ ನೆರೆಹೊರೆಯವರು ಅವತಾರ ಎಂದಾಗ ಧರ್ಮ ಕುಂದಿದಾಗಲೆಲ್ಲ ಭಗವಂತ ಮತ್ತೆ ಮತ್ತೆ ಇಳಿದು ಬರುವುದು ಅವರ ಮನಸ್ಸಿನಲ್ಲಿರುತ್ತದೆ. ಕ್ರೈಸ್ತ ವಿಶ್ವಾಸದಲ್ಲಿ ಅದು ಒಂದೇ ಸಲ ನಡೆದದ್ದು. ಬಂದವನು ಹಸಿದ, ಅತ್ತ, ದಣಿದ, ಸತ್ತ. ಎದ್ದ ಮೇಲೂ ಮನುಷ್ಯತ್ವವನ್ನು ಕಳಚಿಡಲಿಲ್ಲ. ಇದರ ಮೇಲೆಯೇ 325ರಲ್ಲಿ ನೈಸಿಯಾ ಎಂಬ ಊರಿನಲ್ಲಿ ಧರ್ಮಾಧ್ಯಕ್ಷರು (ಬಿಷಪ್ಪರು) ಸಭೆ ಸೇರಿ ವಾದ ಮಾಡಿದರು. ಅಲ್ಲಿ ಹುಟ್ಟಿ, 381ರ ಸಭೆಯಲ್ಲಿ ಬೆಳೆದ ವಿಶ್ವಾಸ ಪ್ರಮಾಣವನ್ನು, ಅಂದರೆ ನಂಬಿಕೆಯ ಸಾರ ಹೇಳುವ ಪಠ್ಯವನ್ನು, ಇಂದಿಗೂ ಪೂಜೆಯಲ್ಲಿ ಹೇಳುತ್ತೇವೆ.

ಈ ಮಾತನ್ನು ನಮ್ಮ ಊರಿನಲ್ಲಿ ಕಲ್ಲಿನ ಮೇಲೆ ಬರೆಸಿದವರು ಒಬ್ಬ ಹಿಂದೂ ಅರಸರು ಎಂಬುದು ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ. ಅಶೋಕ ರಸ್ತೆಯಲ್ಲಿ ಈಗ ಕಾಣುವ, 175 ಅಡಿ ಎತ್ತರದ ಜೋಡಿ ಗೋಪುರಗಳ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಅದಕ್ಕೂ ಮೊದಲು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಲ್ಲೊಂದು ಸಣ್ಣ ಚರ್ಚ್ ಇತ್ತು. ಅದರ ಶಾಸನ ಸೃಷ್ಟಿ ಸ್ಥಿತಿಗಳ ಒಡೆಯನಾದ ಏಕೈಕ ದೇವರ ಹೆಸರಿನಿಂದ ಆರಂಭವಾಗಿ, ಲೋಕದ ಬೆಳಕಾದ ಯೇಸುಕ್ರಿಸ್ತನು ಮನುಷ್ಯನಾಗಿ ಅವತರಿಸಿದ 1843 ವರ್ಷಗಳ ಬಳಿಕ ಈ ಚರ್ಚನ್ನು ಕಟ್ಟಲಾಯಿತು ಎಂಬ ಅರ್ಥ ಬರುವಂತೆ ಸಾಗುತ್ತದೆ. ಕಟ್ಟಡದ ಇಸವಿ ಹೇಳಲು ಹೋಗಿ ಹಬ್ಬದ ತಿರುಳನ್ನೇ ಹೇಳಿಬಿಟ್ಟಿದೆ. ಇಸವಿಯ ಲೆಕ್ಕವೂ ಹುಟ್ಟಿದ್ದು ಹಾಗೆಯೇ ತಾನೇ? ಕ್ರಿಸ್ತನ ಹುಟ್ಟಿನಿಂದ ವರ್ಷ ಎಣಿಸುವ ಪದ್ಧತಿಯನ್ನು 525ರಲ್ಲಿ ಡಯೊನಿಸಿಯಸ್ ಎಂಬ ಸನ್ಯಾಸಿ ಹಾಕಿಕೊಟ್ಟ. ಲೆಕ್ಕದಲ್ಲಿ ಕೆಲವು ವರ್ಷ ತಪ್ಪಿದ ಎನ್ನುವುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಮಗುವನ್ನು ಕೊಲ್ಲಲು ಹುಡುಕಿದ ಹೆರೋದ ರಾಜನೇ ಕ್ರಿಸ್ತಪೂರ್ವ 4ರ ಸುಮಾರಿಗೆ ಸತ್ತಿದ್ದನಂತೆ.

ಡಿಸೆಂಬರ್ 25ರ ಕಥೆಯೂ ಅಷ್ಟೇ. ಬೈಬಲಿನಲ್ಲಿ ತಾರೀಖಿಲ್ಲ. ರೋಮಿನಲ್ಲಿ 336ರ ಹೊತ್ತಿಗೆ ಈ ದಿನವನ್ನು ಆಚರಿಸುತ್ತಿದ್ದರು ಎಂಬುದಕ್ಕೆ ದಾಖಲೆ ಇದೆ. ಸೂರ್ಯದೇವನ ರೋಮನ್ ಹಬ್ಬದ ಮೇಲೆ ಇದನ್ನು ಕೂರಿಸಿದರು ಎನ್ನುವವರಿದ್ದಾರೆ. ಮರಿಯಮ್ಮ ಗರ್ಭ ಧರಿಸಿದ್ದು ಮಾರ್ಚ್ 25 ಎಂದು ನಂಬಿ ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರು ಎನ್ನುವವರೂ ಇದ್ದಾರೆ. ಜಗಳ ಮುಗಿದಿಲ್ಲ. ಹಬ್ಬ ಮಾಡುವವನಿಗೆ ಅದು ಮುಗಿಯಲೇಬೇಕೆಂದೂ ಇಲ್ಲ.

ಈಗ ಕ್ರಮದ ಮಾತು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ಆಗಮನ ಕಾಲ ಎನ್ನುತ್ತೇವೆ. ಚರ್ಚಿನ ಹೊಸ ವರ್ಷ ಆರಂಭವಾಗುವುದು ಜನವರಿಯಲ್ಲಲ್ಲ, ಆಗಮನದ ಮೊದಲ ಭಾನುವಾರದಂದು. ಗುರುಗಳ ಪೂಜಾವಸ್ತ್ರ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹಬ್ಬದ ದಿನಗಳಲ್ಲಿ ಹಾಡುವ ಮಹಿಮೆಯ ಗೀತೆ ಆ ಭಾನುವಾರಗಳಲ್ಲಿ ನಿಂತುಹೋಗುತ್ತದೆ. ಪೀಠದ ಪಕ್ಕ ಹಸಿರೆಲೆಯ ಬಳೆಯಲ್ಲಿ ನಾಲ್ಕು ಮೇಣದಬತ್ತಿಗಳು, ವಾರಕ್ಕೊಂದರಂತೆ ಹಚ್ಚುವುದಕ್ಕೆ. ಮೂರು ನೇರಳೆ, ಒಂದು ಗುಲಾಬಿ. ಈ ಬಳೆಯ ಮೂಲ 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ವಿಖೆರ್ನ್ ಎಂಬ ಪ್ರಾಟೆಸ್ಟಂಟ್ ಗುರುವಿನದು. ಹಬ್ಬ ಯಾವಾಗ ಬರುತ್ತದೆ ಎಂದು ಮಕ್ಕಳು ದಿನವೂ ಕೇಳುತ್ತಿದ್ದರಂತೆ, ಎಣಿಸಿಕೊಳ್ಳಲಿ ಎಂದು ಗಾಡಿಯ ಚಕ್ರಕ್ಕೆ ಬತ್ತಿ ಚುಚ್ಚಿಟ್ಟ. ಮೂರನೆಯ ಭಾನುವಾರ ಗುಲಾಬಿ ಬತ್ತಿ ಹೊತ್ತಿದಾಗ ಅರ್ಧ ದಾರಿ ದಾಟಿದ ನಿರಾಳ.

ಇದನ್ನು ಮೈಸೂರಿನವರಿಗೆ ಅರ್ಥ ಮಾಡಿಸುವುದು ಸುಲಭ. ಆಗಮನದ ಕೊನೆಯ ದಿನಗಳ ಹೊತ್ತಿಗೆ ಧನುರ್ಮಾಸ ಕಾಲಿಡುತ್ತದೆ. ಆ ತಿಂಗಳು ಮದುವೆ ಮುಂಜಿ ಇಲ್ಲ, ಚಳಿಯಲ್ಲಿ ಬೆಳಗಿನ ಜಾವವೇ ಎದ್ದು ದೇವರ ಪೂಜೆ, ಹುಗ್ಗಿಯ ನೈವೇದ್ಯ. ನಮ್ಮಲ್ಲೂ ಆಗಮನ ಕಾಲದಲ್ಲಿ ಮದುವೆ ಇಟ್ಟುಕೊಳ್ಳದಿರುವುದು ಹಳೆಯ ರೂಢಿ. ಎದುರು ಮನೆಯ ಅಜ್ಜಿಯೂ ನಮ್ಮ ಅಜ್ಜಿಯೂ ಒಂದೇ ಹೊತ್ತಿಗೆ ಬಾಗಿಲು ತೆಗೆದು, ಒಬ್ಬರು ದೇವಸ್ಥಾನಕ್ಕೂ ಒಬ್ಬರು ಚರ್ಚಿಗೂ ಶಾಲು ಹೊದ್ದು ಹೊರಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ಆಗಮನ ಎಂದರೆ ಕಾಯುವ ಕಾಲ. ಕಾಯುವುದರಲ್ಲಿ ಮಾಡುವ ಕೆಲಸವೂ ಇದೆ: ಪಾಪನಿವೇದನೆ, ಮುರಿದ ಮಾತುಕತೆಯನ್ನು ಸರಿಪಡಿಸಿಕೊಳ್ಳುವುದು, ಮನೆ ಸುಣ್ಣ ಬಳಿಯುವುದು (ಈ ಮೂರರಲ್ಲಿ ನಾವು ತಪ್ಪದೆ ಮಾಡುವುದು ಕೊನೆಯದನ್ನು). ಮಾರುಕಟ್ಟೆಗೆ ಕಾಯುವುದು ಬೇಕಿಲ್ಲ. ಅದಕ್ಕೆ ಡಿಸೆಂಬರ್ 1ಕ್ಕೇ ಕ್ರಿಸ್‌ಮಸ್, 25ರ ರಾತ್ರಿಗೆ ಮುಕ್ತಾಯ, 26ಕ್ಕೆ ಹೊಸ ವರ್ಷದ ಫಲಕ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಚೇರಿಯೊಂದರಲ್ಲಿ 18ನೇ ತಾರೀಖಿಗೇ ಹಬ್ಬ ಆಚರಿಸಿ, 24ರ ಮಧ್ಯಾಹ್ನ ಅಲಂಕಾರವನ್ನೆಲ್ಲ ಕಿತ್ತು ಪೆಟ್ಟಿಗೆಗೆ ತುಂಬಿದ್ದರು. ನಿಜವಾದ ಹಬ್ಬ ಆರಂಭವಾಗಲು ಇನ್ನೂ ಹತ್ತು ಗಂಟೆ ಇತ್ತು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ, ಪ್ರೀತಿಯಿಂದಲೇ ಕೇಕ್ ತಿನ್ನಿಸಿದರು. ಗೊತ್ತಿರಲಿಲ್ಲ, ಅಷ್ಟೇ. ನಾನೂ ಹೇಳಲಿಲ್ಲ.

ಗೋದಲಿ ಎಂಬ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು. ದನಕ್ಕೆ ಮೇವು ಹಾಕುವ ತೊಟ್ಟಿ ಎಂಬುದೇ ಅದರ ಅರ್ಥ. ಈಗ ಆ ಪದ ಕೊಟ್ಟಿಗೆಗಿಂತ ಚರ್ಚಿನಲ್ಲೇ ಹೆಚ್ಚು ಬಳಕೆಯಲ್ಲಿದೆ. ಇಡೀ ದೃಶ್ಯಕ್ಕೇ ಗೋದಲಿ ಎಂದು ಹೆಸರಾಗಿದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಗುಡ್ಡದೂರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ನಿಜವಾದ ಹುಲ್ಲು, ಎತ್ತು, ಕತ್ತೆ ತರಿಸಿ ಮೊದಲ ಬಾರಿಗೆ ಇಂಥ ದೃಶ್ಯ ಕಟ್ಟಿಸಿ, ಆ ತೊಟ್ಟಿಯ ಬಳಿಯೇ ಪೂಜೆ ನಡೆಯುವಂತೆ ಮಾಡಿದರು. ಬೆತ್ಲೆಹೇಮ್ ಎಂಬ ಊರ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ ಎಂದರ್ಥ. ರೊಟ್ಟಿಯ ಮನೆಯ ಊರಿನಲ್ಲಿ, ತಿನ್ನುವ ತೊಟ್ಟಿಯಲ್ಲಿ ಮಲಗಿದ ಮಗು ಮುಂದೆ ರೊಟ್ಟಿಯನ್ನು ಎತ್ತಿಕೊಂಡು ಇದು ನನ್ನ ಶರೀರ ಎನ್ನುತ್ತದೆ. ಕ್ರಿಸ್‌ಮಸ್ ಎಂಬ ಪದದಲ್ಲಿ ಅರ್ಧ ಕ್ರಿಸ್ತ, ಇನ್ನರ್ಧ ಮಾಸ್, ಅಂದರೆ ಆ ರೊಟ್ಟಿಯನ್ನು ಅರ್ಪಿಸುವ ಬಲಿಪೂಜೆ.

ಯೇಸುವಿನ ಹುಟ್ಟಿನ ಕಥೆ, ಆತನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಶುಭಸಂದೇಶಗಳಲ್ಲಿ ಎರಡರಲ್ಲಿ ಮಾತ್ರ ಇದೆ. ಕುರುಬರು ಮತ್ತು ಗೋದಲಿ ಲೂಕನಲ್ಲಿ. ನಕ್ಷತ್ರ ಮತ್ತು ಮೂಡಣದ ಜ್ಞಾನಿಗಳು ಮತ್ತಾಯನಲ್ಲಿ. ಜ್ಞಾನಿಗಳು ಮೂವರು ಎಂದು ಮತ್ತಾಯ ಹೇಳುವುದಿಲ್ಲ, ಕಾಣಿಕೆ ಮೂರು ಎಂದಷ್ಟೇ ಹೇಳುತ್ತಾನೆ. ಎತ್ತು ಕತ್ತೆಗಳು ಇಬ್ಬರಲ್ಲೂ ಇಲ್ಲ. ಅವು ಪ್ರವಾದಿ ಯೆಶಾಯನ ಗ್ರಂಥದ ಮೊದಲ ಅಧ್ಯಾಯದಿಂದ ನಡೆದು ಬಂದವು. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ಯಜಮಾನನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ಗೊತ್ತಿಲ್ಲ ಎಂದು ದೇವರು ಕೊರಗುವ ಮಾತು ಅಲ್ಲಿದೆ. ಕಿವಿ ಮುರಿದ ನಮ್ಮ ಕತ್ತೆ ಅಲಂಕಾರಕ್ಕೆ ನಿಂತಿಲ್ಲ, ನಮ್ಮನ್ನು ಹಂಗಿಸಲು ನಿಂತಿದೆ.

ಇನ್ನೊಂದು ಪದ ಛತ್ರ. ಛತ್ರದಲ್ಲಿ ಮರಿಯಮ್ಮ ಜೋಸೆಫರಿಗೆ ಸ್ಥಳವಿರಲಿಲ್ಲ ಎಂದು ಕನ್ನಡ ಬೈಬಲಿನಲ್ಲಿ ಓದಿದಾಗಲೆಲ್ಲ ಚಿಕ್ಕವಳಾಗಿದ್ದ ನನಗೆ ನಂಜರಾಜ ಬಹದ್ದೂರ್ ಛತ್ರವೇ ಕಣ್ಣಿಗೆ ಬರುತ್ತಿತ್ತು. ಡಿಸೆಂಬರ್ ಕೊನೆಯ ವಾರ ಅರಮನೆಯ ಫಲಪುಷ್ಪ ಪ್ರದರ್ಶನ ನೋಡಲು ಬಂದವರಿಂದ ಊರಿನ ವಸತಿಗೃಹಗಳೆಲ್ಲ ತುಂಬಿರುವುದನ್ನು ನೋಡಿದರೆ ಆ ವಾಕ್ಯ ಇವತ್ತಿನದೇ ಅನಿಸುತ್ತದೆ. ಆದರೆ ಲೂಕ ಬರೆದ ಗ್ರೀಕ್ ಪದ ಕತಾಲುಮ. ಅದಕ್ಕೆ ಮನೆಯಲ್ಲಿ ಬಂದವರು ಉಳಿಯುವ ಕೋಣೆ ಎಂಬ ಅರ್ಥವೂ ಇದೆ. ಕೊನೆಯ ಭೋಜನ ನಡೆದ ಕೋಣೆಗೂ ಲೂಕ ಅದೇ ಪದ ಬಳಸುತ್ತಾನೆ. ದುಡ್ಡು ಕೊಟ್ಟು ತಂಗುವ ಛತ್ರದ ಮಾತು ಬಂದಾಗ, ಯೇಸು ಹೇಳಿದ ಒಳ್ಳೆಯ ಸಮಾರಿಯದವನ ಕಥೆಯಲ್ಲಿ, ಬೇರೆಯೇ ಪದ. ಹಾಗಾಗಿ ಹಲವು ವಿದ್ವಾಂಸರು ಹೇಳುವುದು ಹೀಗೆ: ಜೋಸೆಫ್ ತನ್ನ ಪೂರ್ವಜರ ಊರಿಗೆ ಬಂದವನು, ನೆಂಟರ ಮನೆಗೇ ಹೋಗಿರಬೇಕು. ಒಳಕೋಣೆ ತುಂಬಿತ್ತು. ಆಗಿನ ಪಾಲೆಸ್ತೀನದ ರೈತರ ಮನೆಗಳಲ್ಲಿ ರಾತ್ರಿ ದನಗಳನ್ನು ಮನೆಯೊಳಗೇ ತಗ್ಗಿನ ಭಾಗದಲ್ಲಿ ಕಟ್ಟುತ್ತಿದ್ದರು. ಮನೆಯವರು ಮಲಗುವ ಎತ್ತರದ ನೆಲದ ಅಂಚಿನಲ್ಲಿ ಮೇವಿನ ತೊಟ್ಟಿ ಇರುತ್ತಿತ್ತು.

ಐರೋಪ್ಯ ಚಿತ್ರಕಾರರಿಗೆ ಇದು ಹೊಳೆಯಲಿಲ್ಲ, ಊರಾಚೆಯ ಪಾಳು ಕೊಟ್ಟಿಗೆಯನ್ನು ಬರೆದರು. ಮಂಡ್ಯ ಕಡೆಯ ಹಳೆಯ ಮನೆ ನೋಡಿದವರಿಗೆ ತಟ್ಟನೆ ಹೊಳೆಯುತ್ತದೆ. ನನ್ನ ಅಜ್ಜಿಯ ತವರು ಶ್ರೀರಂಗಪಟ್ಟಣದ ಆಚೆಯ ಹಳ್ಳಿ. ಬಾಗಿಲು ದಾಟಿದರೆ ಬಲಗಡೆ ತಗ್ಗಿನಲ್ಲಿ ಎರಡು ಎಮ್ಮೆ, ಒಂದು ಜೊತೆ ಎತ್ತು. ಎರಡು ಮೆಟ್ಟಿಲು ಹತ್ತಿದರೆ ನಡುಮನೆ. ರಾತ್ರಿ ಚಾಪೆಯ ಮೇಲೆ ಮಲಗಿದರೆ ಎಮ್ಮೆಯ ಉಸಿರು, ಮೆಲುಕು ಹಾಕುವ ಸದ್ದು, ಸಗಣಿ ಗಂಜಲದ ವಾಸನೆ. ನೆಂಟರು ತುಂಬಿದಾಗ ಹಸುಗೂಸನ್ನು ಬೆಚ್ಚಗೆ ಮಲಗಿಸಲು ಅಲ್ಲಿ ಜಾಗ ಮಾಡಿಕೊಡುವುದು ಯಾರೂ ಅವಮಾನ ಎಂದುಕೊಳ್ಳದ ಮಾತು. ಹಾಗೆ ನೋಡಿದರೆ ಲೂಕನ ಕಥೆ ಎಲ್ಲರೂ ಬಾಗಿಲು ಮುಚ್ಚಿದ ಕಥೆಯಾಗುವುದಿಲ್ಲ. ಇರುವ ಇಕ್ಕಟ್ಟಿನಲ್ಲೇ ದೇವರಿಗೆ ಒಂದಿಷ್ಟು ಜಾಗ ಸಿಕ್ಕ ಕಥೆಯಾಗುತ್ತದೆ. ನನಗೆ ಈ ಓದೇ ಇಷ್ಟ. ಅಜ್ಜಿಗೆ ಕತಾಲುಮ ಗೊತ್ತಿರಲಿಲ್ಲ. ಆದರೂ ಗೋದಲಿಯ ಪಕ್ಕ ಒಂದು ಮಣ್ಣಿನ ಒಲೆ, ಒಂದು ಒರಳು ಇಡುತ್ತಿದ್ದರು. ಬಾಣಂತಿಗೆ ಬಿಸಿನೀರು ಕಾಯಿಸುವವರು ಯಾರು ಎಂಬ ಚಿಂತೆ ಅವರಿಗೆ.

ಅಜ್ಜಿಯ ಕಡೆಯವರ ವಿಶ್ವಾಸ ಹಳೆಯದು. 17ನೇ ಶತಮಾನದ ನಡುವಿನಲ್ಲಿ ಇಟಲಿಯ ಜೆಸ್ವಿಟ್ ಗುರು ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಕೆಲಸ ಆರಂಭಿಸಿದ್ದರು. ಆ ಕಾಲದ ಇಲ್ಲಿನ ಕ್ರೈಸ್ತರು ಕ್ರಿಸ್‌ಮಸ್ ಮರವನ್ನು ಕಂಡವರೇ ಅಲ್ಲ. ಮರ ಜರ್ಮನಿಯ ಮನೆಗಳ ಪದ್ಧತಿ. 1848ರಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬ ಮರದ ಸುತ್ತ ನಿಂತ ಚಿತ್ರ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಇಂಗ್ಲಿಷ್ ಮನೆಗಳಲ್ಲೆಲ್ಲ ಅದು ಹಬ್ಬಿತು. ಸಾಂತಾ ತಾತನ ಮೂಲ ನಾಲ್ಕನೆಯ ಶತಮಾನದ ಮೈರಾ ಊರಿನ ಧರ್ಮಾಧ್ಯಕ್ಷ ಸಂತ ನಿಕೊಲಾಸ್. ಮೂವರು ಬಡ ಹೆಣ್ಣುಮಕ್ಕಳ ಮದುವೆಗೆಂದು ರಾತ್ರಿ ಯಾರಿಗೂ ಕಾಣದಂತೆ ಹಣದ ಗಂಟು ಎಸೆದು ಹೋದ ಎಂಬ ಕಥೆ ಆತನದು. ಹಬ್ಬ ಡಿಸೆಂಬರ್ 6ಕ್ಕೆ. ಎಕ್ಸ್‌ಮಸ್ ಎಂದು ಬರೆದರೆ ಕ್ರಿಸ್ತನ ಹೆಸರು ಅಳಿಸಿದಂತೆ ಎಂದು ಸಿಟ್ಟಾಗುವವರಿದ್ದಾರೆ. ಆ ಅಕ್ಷರ ಗ್ರೀಕಿನಲ್ಲಿ ಕ್ರಿಸ್ತ ಎಂಬ ಹೆಸರಿನ ಮೊದಲಕ್ಷರ, ಸಾವಿರ ವರ್ಷಗಳ ಹಿಂದೆಯೇ ಬಳಕೆಯಲ್ಲಿದ್ದ ಸಂಕ್ಷೇಪ. ಸಿಟ್ಟನ್ನು ಬೇರೆಯದಕ್ಕೆ ಉಳಿಸಿಕೊಳ್ಳಬಹುದು.

ಹಬ್ಬವನ್ನು ಶುದ್ಧ ಮಾಡುವ ಭರದಲ್ಲಿ ಹಬ್ಬವನ್ನೇ ನಿಲ್ಲಿಸಿದವರೂ ಇದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಪ್ರಾಟೆಸ್ಟಂಟರು 1659ರಲ್ಲಿ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಷಿಲಿಂಗ್ ದಂಡ ವಿಧಿಸಿದರು. ಬೈಬಲಿನಲ್ಲಿಲ್ಲದ ಹಬ್ಬ ಬೇಡ ಎಂಬ ವಾದ. ಆ ಕಾನೂನು 1681ರಲ್ಲಿ ಬಿದ್ದುಹೋಯಿತು. ಮನುಷ್ಯನಾಗಿ ಬಂದ ದೇವರನ್ನು ಮೈಯಿಲ್ಲದ, ಬಾಯಿರುಚಿಯಿಲ್ಲದ ಹಬ್ಬದಿಂದ ಕೊಂಡಾಡುವುದು ನನಗೂ ಹೊಂದಿಕೆಯಾಗದ ಮಾತು.

ಅದಕ್ಕೇ ಕಲ್‌ಕಲ್ ಬಿಡುವುದಿಲ್ಲ. ಮೈದಾ, ಮೊಟ್ಟೆ, ತೆಂಗಿನ ಹಾಲು ಕಲಸಿ ಕಡಲೆಕಾಯಿ ಗಾತ್ರದ ಉಂಡೆ ಮಾಡಿ, ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಎಳೆದರೆ ಗೆರೆ ಮೂಡಿ ಶಂಖದಂತೆ ಸುರುಳಿಯಾಗುತ್ತದೆ. ಒಬ್ಬರೇ ಕೂತರೆ ಮುಗಿಯದ ಕೆಲಸ. ಅಜ್ಜಿ ಇಡೀ ಬೀದಿಯ ಮಕ್ಕಳಿಗೆ ಒಂದೊಂದು ಬಾಚಣಿಗೆ ಕೊಟ್ಟು ಕೂರಿಸಿ, ಕೈ ಓಡುತ್ತಿರುವಾಗ ಕುರುಬರ ಕಥೆ ಹೇಳುತ್ತಿದ್ದರು. ಕರಿದದ್ದನ್ನು ಡಬ್ಬಿಗೆ ತುಂಬಿ ಅಟ್ಟಕ್ಕೆ ಏರಿಸಿದರೆ 24ರ ರಾತ್ರಿಯವರೆಗೆ ಒಂದೂ ಸಿಗುತ್ತಿರಲಿಲ್ಲ. ಆಗಮನ ಕಾಲ ಎಂದರೇನು ಎಂದು ನನಗೆ ಮೊದಲು ಗೊತ್ತಾದದ್ದು ಆ ಡಬ್ಬಿಯಿಂದ.

ಹಬ್ಬದ ದಿನಕ್ಕೆ ಚರ್ಚ್ ಒಂದಲ್ಲ, ಮೂರು ಪೂಜೆಗಳನ್ನು ಇಟ್ಟಿದೆ. ನಡುರಾತ್ರಿ ಲೂಕನಿಂದ ಹುಟ್ಟಿನ ವೃತ್ತಾಂತ, ಮುಂಜಾವಿನಲ್ಲಿ ಕುರುಬರು ಬಂದು ನೋಡಿದ್ದು, ಹಗಲಿನಲ್ಲಿ ಯೊವಾನ್ನನ ಶುಭಸಂದೇಶದ ಆರಂಭ. ಆ ಕೊನೆಯದರಲ್ಲಿ ಮಗುವಿಲ್ಲ, ಗೋದಲಿಯಿಲ್ಲ. ಆದಿಯಲ್ಲಿದ್ದ ವಾಕ್ಯ ಮನುಷ್ಯನಾಗಿ ನಮ್ಮ ನಡುವೆ ಬಿಡಾರ ಹೂಡಿತು ಎಂದಷ್ಟೇ ಇದೆ. ರಾತ್ರಿಯ ಪೂಜೆಗೆ ಬಂದವರು ಹಗಲಿನದಕ್ಕೆ ನಿದ್ದೆ ಮಾಡುತ್ತಾರೆ. ನಾನೂ ಮಾಡಿದ್ದೇನೆ.

ರಾತ್ರಿಯ ಪೂಜೆಯಲ್ಲಿ ಒಂದು ಕ್ಷಣವನ್ನು ಕಾದು ನೋಡಬೇಕು. ನಾಲ್ಕು ವಾರ ಸುಮ್ಮನಿದ್ದ ಮಹಿಮೆಯ ಗೀತೆ ಗಂಟೆಗಳ ಸದ್ದಿನೊಂದಿಗೆ ಭೋರ್ಗರೆಯುವುದು ಎಲ್ಲರ ಗಮನಕ್ಕೆ ಬರುತ್ತದೆ. ನಾನು ಹೇಳುವುದು ಅದಲ್ಲ. ಪ್ರವಚನ ಮುಗಿದು ವಿಶ್ವಾಸ ಪ್ರಮಾಣ ಹೇಳುವಾಗ, ಆತನು ಮನುಷ್ಯನಾದನು ಎಂಬ ಸಾಲಿನಲ್ಲಿ ಉಳಿದ ಭಾನುವಾರಗಳಲ್ಲಿ ತಲೆ ಬಾಗಿಸುತ್ತೇವೆ. ಕ್ರಿಸ್‌ಮಸ್‌ನಂದು ಮೊಣಕಾಲೂರುತ್ತೇವೆ. ವರ್ಷದಲ್ಲಿ ಹೀಗೆ ಮಾಡುವುದು ಎರಡೇ ದಿನ, ಇನ್ನೊಂದು ಮಾರ್ಚ್ 25. ಒಳಗೆ ಜಾಗ ಸಾಲದೆ ಅಂಗಳದಲ್ಲಿ ನಿಂತವರು, ರೇಷ್ಮೆ ಸೀರೆಯವರು, ಹೊಸ ಪ್ಯಾಂಟಿನ ಹುಡುಗರು, ಇಬ್ಬನಿಗೆ ಒದ್ದೆಯಾದ ನೆಲದ ಮೇಲೆ ಒಂದು ಉಸಿರಿನಷ್ಟು ಹೊತ್ತು ಕುಸಿಯುತ್ತಾರೆ. ಗೋಪುರ ನೋಡಲು ಬಂದ ಪ್ರವಾಸಿಗರು ಮೊಬೈಲ್ ಹಿಡಿದು ನಿಂತಲ್ಲೇ ಗಲಿಬಿಲಿಯಾಗಿ, ಕೆಲವರು ತಾವೂ ಕೂರುತ್ತಾರೆ. ಮರುಸಾಲಿಗೆ ಎಲ್ಲರೂ ಎದ್ದಾಗಿರುತ್ತದೆ. ಹಬ್ಬದ ನಡುವೆ ಯಾರಿದ್ದಾರೆ ಎಂದು ಯಾರಾದರೂ ಕೇಳಿದರೆ ನಾನು ಆ ಉಸಿರಿನತ್ತ ಬೆರಳು ತೋರಿಸುತ್ತೇನೆ.

26ಕ್ಕೆ ಹಬ್ಬ ಮುಗಿಯುವುದಿಲ್ಲ, ತಿರುವು ಪಡೆಯುತ್ತದೆ. ಅಂದು ಕಲ್ಲೇಟಿಗೆ ಸತ್ತ ಮೊದಲ ರಕ್ತಸಾಕ್ಷಿ ಸಂತ ಸ್ಟೀಫನ್‌ನ ದಿನ, ಪೂಜಾವಸ್ತ್ರ ಕೆಂಪು. 28ಕ್ಕೆ ಹೆರೋದ ಕೊಲ್ಲಿಸಿದ ಬೆತ್ಲೆಹೇಮಿನ ಕೂಸುಗಳ ನೆನಪು. ಅದೇ ವಾರ ಯೇಸುವಿನ ಕುಟುಂಬ ಪ್ರಾಣ ಉಳಿಸಿಕೊಳ್ಳಲು ಈಜಿಪ್ಟಿಗೆ ಓಡಿದ ಕಥೆಯನ್ನೂ ಓದುವುದುಂಟು. ಸಿಹಿ ತಿಂದ ಬಾಯಿ ಆರುವ ಮೊದಲೇ ಇದೆಲ್ಲ ಏಕೆ ಎಂದು ಅನಿಸಬಹುದು. ಮನುಷ್ಯರ ಲೋಕಕ್ಕೆ ಬಂದ ಮೇಲೆ ಅದರ ಹೆರೋದರನ್ನೂ ಎದುರಿಸಬೇಕಲ್ಲ. ಕ್ರಿಸ್‌ಮಸ್ ಕಾಲ ನಿಜಕ್ಕೂ ಮುಗಿಯುವುದು ಜನವರಿಯಲ್ಲಿ, ಜ್ಞಾನಿಗಳ ಹಬ್ಬ ಕಳೆದು, ಯೇಸುವಿನ ದೀಕ್ಷಾಸ್ನಾನದ ಸ್ಮರಣೆಯೊಂದಿಗೆ. ನಾವು ನಕ್ಷತ್ರದ ದೀಪವನ್ನು ಅಲ್ಲಿಯವರೆಗೆ ಇಳಿಸುವುದಿಲ್ಲ. ವಿದ್ಯುತ್ ಬಿಲ್ಲಿನ ವಿಷಯದಲ್ಲಿ ಮನೆಯಲ್ಲಿ ಭಿನ್ನಾಭಿಪ್ರಾಯವಿದೆ.

25ರ ಬೆಳಿಗ್ಗೆ ಎದುರು ಮನೆಯ ಹುಡುಗಿ ಎದ್ದ ಮುಖದಲ್ಲೇ ಓಡಿ ಬಂದಳು. ಅವಳ ಅಜ್ಜಿಗೆಂದು ಕಲ್‌ಕಲ್ ಕಟ್ಟುತ್ತಿದ್ದೆ. ಅವಳು ಗೋದಲಿಯ ಮುಂದೆ ಕೂತು ಪಾಪುವನ್ನು ನೋಡಿದಳು, ಬೆರಳಿನ ತುದಿಯಿಂದ ಮುಟ್ಟಿದಳು, ಮತ್ತೆ ಮೊದಲಿನಿಂದ ಎಣಿಸತೊಡಗಿದಳು. ಎಣಿಕೆ ಮುಗಿಸಿ ಹಜಾರದ ಆ ತುದಿಯ ಕಿಟಕಿಯತ್ತ ನೋಡಿದಳು. ಅಲ್ಲಿ ಒಂಟೆ ಹಿಡಿದ ಮೂರು ಗೊಂಬೆಗಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದವು.

"ಅವರನ್ನೇಕೆ ಅಷ್ಟು ದೂರ ಇಟ್ಟಿದ್ದೀರಿ ಆಂಟಿ?"

"ಅವರು ಬಹಳ ದೂರದ ಊರಿನವರು. ದಿನಕ್ಕೆ ಒಂದು ಗೇಣು ನಡೆಯುತ್ತಾರೆ. ಜನವರಿ 6ಕ್ಕೆ ಬಂದು ಮುಟ್ಟುತ್ತಾರೆ."

ಅವಳು ಕಿಟಕಿಯ ಹತ್ತಿರ ಹೋಗಿ, ಮೂರನ್ನೂ ಒಂದೊಂದಾಗಿ ಗೋದಲಿಯ ಕಡೆ ತಿರುಗಿಸಿ, ನೆಲಕ್ಕೆ ಗೇಣು ಹಾಕಿ ಅಳೆದು, ಅಷ್ಟೇ ಮುಂದಕ್ಕೆ ಸರಿಸಿದಳು. "ನಾಳೆಯೂ ನಾನೇ" ಎಂದು ಹೇಳಿ ಕಲ್‌ಕಲ್ ಪೊಟ್ಟಣ ಹಿಡಿದು ಓಡಿದಳು.